ಏಳನೆಯ ನಿಯಮ

ಮೊದಲು ಕಂಡದ್ದು ಬೆರಳು. ಪ್ರದರ್ಶನಕ್ಕೆಂದು ಹಿಗ್ಗಿಸಿ ನಡುಮನೆಯ ನೆಲದ ಮೇಲೆ ಹಾಸಿದ್ದ ಆರಡಿ ಅಗಲದ ಫೋಟೋದ ಒಂದು ಮೂಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅದರ ಮೇಲೆ ಏನಾದರೂ ಭಾರ ಇಡೋಣವೆಂದು ಮೊಣಕಾಲೂರಿ ಬಾಗಿದ ಹುಲುಗೇಶನ ಮೂಗಿನ ಕೆಳಗೇ ಒಂದು ಎಡಗೈ ಇತ್ತು. ತಲೆಯ ಮೇಲಿನ ಗ್ಯಾಸ್‌ಬತ್ತಿಯ ಕಾಲನ್ನು ಹಿಡಿದ ಕೈ. ಉಳಿದ ಬೆರಳುಗಳೆಲ್ಲ ಕಬ್ಬಿಣವನ್ನು ಬಿಗಿಯಾಗಿ ಸುತ್ತಿಕೊಂಡಿದ್ದವು, ತೋರುಬೆರಳೊಂದು ಮಾತ್ರ ಮಡಚದೆ ನೆಟ್ಟಗೆ ನಿಂತಿತ್ತು, ಮೆರವಣಿಗೆಯ ಗದ್ದಲದಲ್ಲಿ ಯಾರಿಗೋ ಏನನ್ನೋ ತೋರಿಸುತ್ತಿರುವ ಹಾಗೆ. ಅದು ಏನನ್ನೂ ತೋರಿಸುತ್ತಿಲ್ಲವೆಂದು ಅವನಿಗೆ ಗೊತ್ತಿತ್ತು. ಭತ್ತ ಕೊಯ್ಯುವಾಗ ಕುಡಗೋಲು ತಾಗಿ ನರ ಕಡಿದ ಬೆರಳು ಅದು. ಚಿಕ್ಕಂದಿನಲ್ಲಿ ಅವ್ವ ಗದ್ದ ಹಿಡಿದು ತಲೆ ಬಾಚುವಾಗ ಆ ಒಂದು ಬೆರಳು ಮಾತ್ರ ಕಿವಿಗೆ ಚುಚ್ಚುತ್ತಿತ್ತು. ಅವನು ಕೊಸರಿಕೊಂಡರೆ, ‘ಅದು ನನ್ನ ಮಾತು ಕೇಳಂಗಿಲ್ಲಪ್ಪ, ನೀನರ ಕೇಳು’ ಅನ್ನುತ್ತಿದ್ದಳು. ಈಗ ಮೂವತ್ತಾರರ ವಯಸ್ಸಿನಲ್ಲಿ, ಬಳ್ಳಾರಿಯ ಸತ್ಯನಾರಾಯಣಪೇಟೆಯ ಈ ಹಳೆಯ ಮನೆಯಲ್ಲಿ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಅದೇ ಕಿವಿ ಕಾದು ಕೆಂಪಾಯಿತು.

“ಸರ್, ಗ್ಯಾಸ್‌ಬತ್ತಿ ಏನು ಸೂಪರ್ ಬಂದೈತಿ ನೋಡ್ರಿ,” ಎಂದಳು ಹಿಂದೆ ನಿಂತಿದ್ದ ಐಶ್ವರ್ಯ. ಅವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. “ಸಿನಿಮಾ ಶೂಟಿಂಗಿನ ಲೈಟ್ ಇದ್ದಂಗ ಹೊಡೀತೈತಿ. ಉಜ್ಜಿನಪ್ಪ ಸರ್ ಮುಖದ ಮ್ಯಾಲ ಹೆಂಗ ಬಿದ್ದೈತಿ ಬೆಳಕು!”

ಹೌದು, ಬೆಳಕು ಎಲ್ಲರ ಮುಖದ ಮೇಲೂ ಬಿದ್ದಿತ್ತು. ಕುದುರೆ ಏರಿದ ಮದುಮಗ ಉಜ್ಜಿನಪ್ಪನ ಮೇಲೆ, ರುಮಾಲಿನ ಹಿರಿಯರ ಮೇಲೆ, ಕೈಗಡಿಯಾರ ಕಾಣುವಂತೆ ಮುಂಗೈ ಎತ್ತಿ ನಿಂತ ಅವನ ತಮ್ಮ, ಆಗಿನ್ನೂ ಹರೆಯದ ದೊಡ್ಡಬಸವರಾಜನ ಮೇಲೆ. ಬತ್ತಿಯ ಬುಡದಲ್ಲಿದ್ದವಳ ಮುಖದ ಮೇಲೆ ಮಾತ್ರ ಬಿದ್ದಿರಲಿಲ್ಲ. ಸಣ್ಣ ಪರದೆಯಲ್ಲಿ ಅದು ಒಂದು ಕಪ್ಪು ಮಸಿ ಅಷ್ಟೆ. ಆರಡಿಗೆ ಹಿಗ್ಗಿಸಿದಾಗ ಆ ಮಸಿಯೊಳಗಿಂದ ಮೂಗು ಎದ್ದಿತ್ತು, ಕೆನ್ನೆಯ ಮೂಳೆ ಎದ್ದಿತ್ತು, ಬಿಗಿದ ತುಟಿ ಎದ್ದಿತ್ತು. ಹುಲುಗೇಶ ಎದ್ದು ತನ್ನ ಕಂಪ್ಯೂಟರಿನ ಮುಂದೆ ಕೂತ. ಈ ಫೋಟೋಗೆ ಟ್ಯಾಗ್ ಹಾಕಿದವರು ಯಾರೆಂದು ನೋಡಿ ಆ ಮನುಷ್ಯನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂಬ ಸಿಟ್ಟಿನಲ್ಲಿ ಅದರ ವಿವರ ತೆರೆದ. ಪರದೆಯ ಮೇಲೆ ಬಂತು: ಮದುವೆ, ಮೆರವಣಿಗೆ, ಸಿರುಗುಪ್ಪ, ೧೯೮೮, ಕುದುರೆ, ಗ್ಯಾಸ್‌ಬತ್ತಿ. ಅದರ ಕೆಳಗೆ ಹನ್ನೊಂದು ಜನರ ಹೆಸರು. ಹನ್ನೆರಡನೆಯದು ಮೋತಿ. ಮೋತಿ ಎಂದರೆ ಕುದುರೆ. ಎಲ್ಲಕ್ಕೂ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ: ಟ್ಯಾಗ್ ಹಾಕಿದವರು, ಹುಲುಗೇಶ, ಮಾರ್ಚ್ ಹನ್ನೊಂದು, ನಾಲ್ಕು ಗಂಟೆ ಹತ್ತು ನಿಮಿಷ.

ಆ ದಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತಾನು ಏನು ಯೋಚಿಸುತ್ತಿದ್ದೆನೆಂದು ನೆನಪಿಸಿಕೊಳ್ಳಲು ನೋಡಿದ. ಏನೂ ಸಿಗಲಿಲ್ಲ. ಚಹಾ ಕುಡಿಯುತ್ತಿದ್ದಿರಬೇಕು. ಮುಚ್ಚಿಹೋದ ಒಂದು ಸ್ಟುಡಿಯೋದ ನಲವತ್ತು ವರ್ಷದ ನೆಗೆಟಿವ್‌ಗಳನ್ನು ದೊಡ್ಡಬಸವರಾಜರ ಟ್ರಸ್ಟು ಕೊಂಡು, ತಮ್ಮದೇ ಹಳೆಯ ಮನೆಯಲ್ಲಿ ಚಿತ್ರಭಂಡಾರ ಎಂದು ಬೋರ್ಡು ಹಾಕಿ ಮೂರು ವರ್ಷವಾಗಿತ್ತು. ಪ್ರತಿ ಫೋಟೋವನ್ನು ನೋಡಿ, ಮುಂದೆ ಯಾರಾದರೂ ಹುಡುಕಿದರೆ ಸಿಗುವಂತೆ ಅದಕ್ಕೆ ಹತ್ತಾರು ಗುರುತಿನ ಪದಗಳನ್ನು ಅಂಟಿಸುವುದು ಹುಲುಗೇಶನ ಕೆಲಸ. ಬಾವಿ ಎಂದು ಹುಡುಕಿದವರಿಗೆ ಬಾವಿಗಳೆಲ್ಲ ಸಿಗಬೇಕು, ಕೊಟ್ರಮ್ಮ ಎಂದು ಹುಡುಕಿದವರಿಗೆ ಆ ಕೊಟ್ರಮ್ಮನೇ ಸಿಗಬೇಕು. ಟ್ಯಾಗ್ ಬೀಳದ ಸಂಗತಿ ಫೋಟೋದಲ್ಲಿದ್ದರೂ ಇಲ್ಲದ ಹಾಗೆಯೇ ಎಂದು ಅವನೇ ಐಶ್ವರ್ಯಳಿಗೆ ಪಾಠ ಹೇಳಿದ್ದ. ದಿನಕ್ಕೆ ನೂರಿಪ್ಪತ್ತು ಫೋಟೋ. ಒಮ್ಮೆ ಒಂದು ಇಸವಿ ತಪ್ಪು ಬಿದ್ದಿದೆಯೆಂದು ಭಾನುವಾರ ಬಂದು ಬೀಗ ತೆಗೆಸಿ ತಿದ್ದಿ ಹೋದವನು ಅವನು. ಅದನ್ನು ಯಾರೂ ಗಮನಿಸಲಿಲ್ಲವೆಂದು ಎರಡು ದಿನ ಬೇಸರವಾಗಿತ್ತು. ಗಮನಿಸಲಿ ಎಂದೇ ಬಂದೆನೇನೋ ಎಂದು ಇನ್ನೆರಡು ದಿನ ತನ್ನ ಮೇಲೇ ಬೇಸರವಾಗಿತ್ತು.

ನಿಯಮಗಳನ್ನು ಬರೆದವನೂ ಅವನೇ. ಒಟ್ಟು ಹದಿನಾಲ್ಕು. ಅದರಲ್ಲಿ ಏಳನೆಯದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಅವನಿಗಿಂತ ಮೊದಲು ಇದ್ದವರು ಹೆಸರು ಗೊತ್ತಿಲ್ಲದವರ ಕೆಳಗೆ ಆಳು, ಕೂಲಿಯವಳು ಎಂದು ಬರೆದಿದ್ದರು. ಕೆಲವು ಕಡೆ ಮುಖ ನೋಡಿ ಜಾತಿಯನ್ನೂ ಬರೆದಿದ್ದರು. ಅದನ್ನು ಅವನು ಸಹಿಸಲಿಲ್ಲ. ಒಂದೊಂದನ್ನೇ ಅಳಿಸಿ, ‘ಹೆಸರು ತಿಳಿಯದವರನ್ನು ಅವರ ಬಳಿ ಇರುವ ವಸ್ತುವಿನಿಂದ ಮಾತ್ರ ಗುರುತಿಸತಕ್ಕದ್ದು’ ಎಂದು ನಿಯಮ ಮಾಡಿದ್ದ. ಬುಟ್ಟಿ. ಬಿಂದಿಗೆ. ಛತ್ರಿ. ಡೊಳ್ಳು. ಯಾರಿಗೂ ಅವಮಾನವಾಗದ ಪದಗಳು. ದೊಡ್ಡಬಸವರಾಜರು ಓದಿ, ‘ಇದು ಬಾಳ ನಾಜೂಕಾಗಿ ಬರದೀರಿ’ ಎಂದು ಮೆಚ್ಚಿದ್ದರು. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನೊಬ್ಬ ಇಷ್ಟು ಚೆನ್ನಾಗಿ ಬರೆಯಬಲ್ಲನೆಂಬ ಆಶ್ಚರ್ಯ ಆ ಮೆಚ್ಚುಗೆಯಲ್ಲಿತ್ತೋ ಇಲ್ಲವೋ ಎಂದು ಅವನು ಆಮೇಲೆ ಬಹಳ ದಿನ ಲೆಕ್ಕ ಹಾಕಿದ್ದ.

ಅವನು ಖಾಲಿ ಜಾಗದಲ್ಲಿ ಹೊನ್ನೂರಮ್ಮ ಎಂದು ಅವ್ವನ ಹೆಸರು ಬೆರಳಚ್ಚಿಸಿದ. ಕೂಡಲೇ ಪರದೆಯ ಮೇಲೆ ಪೆಟ್ಟಿಗೆಯೊಂದು ತೆರೆದುಕೊಂಡು, ಈಕೆಗೂ ನಿಮಗೂ ಏನು ಸಂಬಂಧ ಎಂದು ಕೇಳಿತು. ಇನ್ನೊಬ್ಬರ ಒಪ್ಪಿಗೆಯೂ ಬೇಕು ಎಂದಿತು. ಇದು ಒಂಬತ್ತನೆಯ ನಿಯಮ: ಹೆಸರಿನ ಟ್ಯಾಗ್ ನಿಲ್ಲಬೇಕಾದರೆ ಇಬ್ಬರು ಒಪ್ಪಬೇಕು, ಇಬ್ಬರೂ ಫೋಟೋದಲ್ಲಿ ಇದ್ದವರಾಗಿರಬೇಕು, ಇಲ್ಲವೇ ಆ ಹೆಸರಿನವರ ಹತ್ತಿರದ ಸಂಬಂಧಿಗಳಾಗಿರಬೇಕು. ಅದನ್ನೂ ಅವನೇ ಬರೆದಿದ್ದ. ಭಾನುವಾರ ಪ್ರದರ್ಶನದ ಉದ್ಘಾಟನೆ. ಗೋಡೆಗೆ ಹಾಕುವ ಹೆಸರುಪಟ್ಟಿ ಇವತ್ತು ಸಂಜೆ ಐದಕ್ಕೆ ಪ್ರಿಂಟಿಗೆ ಹೋಗುತ್ತದೆ. ಕಂಪ್ಯೂಟರ್ ಒಪ್ಪಿದ ಹೆಸರುಗಳಷ್ಟೇ ಹೋಗುತ್ತವೆ, ಉಳಿದವರ ಜಾಗದಲ್ಲಿ ಅವರ ವಸ್ತುವಿನ ಟ್ಯಾಗು. ಊರೆಲ್ಲ ಬಂದು, ಬೊಟ್ಟು ಮಾಡಿ, ಗಟ್ಟಿಯಾಗಿ ಓದುತ್ತದೆ: ಉಜ್ಜಿನಪ್ಪ, ದೊಡ್ಡಬಸವರಾಜ, ಮೋತಿ, ಗ್ಯಾಸ್‌ಬತ್ತಿ.

ಸಂಬಂಧದ ಜಾಗವನ್ನು ಖಾಲಿ ಬಿಟ್ಟು ಅವನು ಎದ್ದು ದೊಡ್ಡಬಸವರಾಜರ ಕೋಣೆಗೆ ಹೋದ.

“ಬರ್ರಿ ಹುಲುಗೇಶ್, ಕೂಡ್ರಿ.” ಅವರು ಯಾವತ್ತೂ ಕೂಡ್ರಿ ಎನ್ನದೆ ಮಾತಾಡಿದವರಲ್ಲ. ಅದೇ ಕಷ್ಟ. ಬೈಯುವವರಾಗಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು ಎಂದು ಅವನಿಗೆ ಹಲವು ಸಲ ಅನ್ನಿಸಿದೆ.

“ಸರ್, ಮೆರವಣಿಗಿ ಫೋಟೋದಾಗ ಒಂದು ಹೆಸರು ಸೇರಸೋದೈತ್ರಿ. ಬತ್ತಿ ಹೊತ್ತಾಕಿದು.”

“ಹೌದಾ? ಯಾರಂತ ಗೊತ್ತಾತೇನು? ಹೆಂಗ ಗೊತ್ತಾತು ನಿಮಗ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಎರಡೇ ಶಬ್ದ. ಅವನು ಮೇಜಿನ ಮೇಲಿನ ಗಾಜನ್ನು ನೋಡಿದ. ಗಾಜಿನ ಕೆಳಗೆ ಅದೇ ಮದುವೆಯ ಇನ್ನೊಂದು ಫೋಟೋ ಇತ್ತು. “ನಮ್ಮ ಕಡೆಯಾಕಿರಿ,” ಎಂದ. ಅಂದ ಮರುಗಳಿಗೆಯೇ ಬಾಯೊಳಗೆ ಏನೋ ಕಹಿ ಸೋರಿದಂತಾಯಿತು.

“ಬಾಳ ಚಲೋ ಆತು. ಆದ್ರ ಇನ್ನೊಬ್ಬರು ಒಪ್ಪಬೇಕಲ್ಲ. ನಿಯಮ ನಿಮ್ದ ಐತಿ.” ಅವರು ನಕ್ಕರು. ಆ ನಗೆಯಲ್ಲಿ ಕೊಂಕಿರಲಿಲ್ಲ. “ಇರ್ರಿ, ನಮ್ಮಣ್ಣಗ ಕೇಳೋಣ.” ಫೋನು ಹಚ್ಚಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. “ಅಣ್ಣಾ, ನಿನ್ನ ಮೆರವಣಿಗ್ಯಾಗ ಗ್ಯಾಸ್‌ಬತ್ತಿ ಹೊತ್ತಿದ್ರಲ್ಲ, ಅವರು ಯಾರಂತ ನೆನಪೈತೇನು?”

ಸಿರುಗುಪ್ಪದಿಂದ ಉಜ್ಜಿನಪ್ಪನ ದಪ್ಪ ದನಿ ಕೋಣೆ ತುಂಬಿತು. “ಬತ್ತಿ ಹೊತ್ತವರಾ? ಏನು ಕೇಳ್ತಿಯೋ ತಮ್ಮಾ, ಹೇಂತಿ ಹೆಸರ ಒಮ್ಮೊಮ್ಮೆ ನೆನಪಾಗವಲ್ದು. ಆದ್ರ ಆ ಮೋತಿ ಇತ್ತಲ್ಲ, ಅಬಬಬ, ಏನು ಕುದ್ರಿ ಅದು. ಆದೋನಿಯಿಂದ ತರಿಸಿದ್ರು ಅಪ್ಪ. ಬ್ಯಾಂಡು ಬಾರಿಸಿದ್ರ ಹೆಜ್ಜಿ ಹಾಕ್ತಿತ್ತು...” ಕುದುರೆಯ ಮಾತು ಐದು ನಿಮಿಷ ನಡೆಯಿತು. ಹುಲುಗೇಶ ಮುಗುಳುನಗುತ್ತ ಕೂತಿದ್ದ. ತಾನು ಮುಗುಳುನಗುತ್ತಿದ್ದೇನೆಂದು ಅವನಿಗೆ ತಿಳಿದದ್ದು ಕೆನ್ನೆ ನೋಯತೊಡಗಿದಾಗ.

ಅರ್ಧ ದಿನದ ರಜೆ ಬರೆದುಕೊಟ್ಟು ಕುರುಗೋಡಿನ ಬಸ್ಸು ಹಿಡಿದ. ಕೋಟೆಯ ಗುಡ್ಡ ಹಿಂದೆ ಸರಿಯುವವರೆಗೂ ಅವನ ಸಿಟ್ಟು ಉಜ್ಜಿನಪ್ಪನ ಮೇಲಿತ್ತು. ಆಮೇಲೆ ನಗುತ್ತಿದ್ದ ಐಶ್ವರ್ಯಳ ಮೇಲೆ ಹೋಯಿತು, ಅಲ್ಲಿಂದ ದೊಡ್ಡಬಸವರಾಜರ ‘ಕೂಡ್ರಿ’ಯ ಮೇಲೆ. ಎಲ್ಲಿಯೂ ನಿಲ್ಲದೆ ಕೊನೆಗೆ ಅದು ಮನೆಗೇ ಬಂತು. ಅವ್ವನಾದರೂ ಹೇಳಬಾರದಿತ್ತೇ, ಸಿರುಗುಪ್ಪದ ಸಾಹುಕಾರರ ಮದುವೆಗೆ ಬತ್ತಿ ಹೊತ್ತಿದ್ದೆನೆಂದು? ಅವಳು ಹೇಳಿದ್ದರೆ ತಾನು ಕೇಳುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಬಸ್ಸಿನ ಕಿಟಕಿಯಾಚೆ ಎಸೆದರೂ ಅದು ತಿರುಗಿ ಬಂದು ಮಡಿಲಲ್ಲೇ ಬಿತ್ತು. ಅವ್ವನ ನೆತ್ತಿಯ ಮೇಲೆ ಒಂದು ರೂಪಾಯಿಯಗಲ ಕೂದಲು ಹುಟ್ಟದ ಜಾಗವಿತ್ತು. ಎಣ್ಣೆ ಹಚ್ಚುವಾಗ ಅವಳು ಅಲ್ಲಿ ಮೆಲ್ಲಗೆ ಒತ್ತಿಕೊಳ್ಳುತ್ತಿದ್ದಳು. ಅದು ಯಾಕೆ ಹಾಗಾಯಿತೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಕೇಳಿರಲಿಲ್ಲ. ಸಾಲೆಯಲ್ಲಿ ‘ಬತ್ತಿಯಾಕಿ ಮಗ’ ಎಂದು ಯಾರೋ ಕರೆದಾಗ ಅವರ ಅಂಗಿ ಹರಿದಿದ್ದ. ಮನೆಗೆ ಬಂದು, ಅಂಗಿ ಯಾಕೆ ಹರಿದೆ ಎಂದು ಕೇಳಿದವಳಿಗೆ ಕಾರಣ ಹೇಳದೆ ಹೊಡೆತ ತಿಂದಿದ್ದ. ಹರೆಯಕ್ಕೆ ಬಂದ ಮೇಲೆ ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಆರು ವರ್ಷ ಕೆಲಸ. ಅಲ್ಲಿ ಕತ್ತರಿಸಿದ ಬಟ್ಟೆಯ ಪ್ರತಿ ಕಟ್ಟಿಗೂ ಒಂದು ಚೀಟಿ, ಚೀಟಿಯ ಮೇಲೆ ಹೊಲಿದವರ ನಂಬರು. ಅವನು ಹದಿನೇಳು. ‘ಹದಿನೇಳು, ನಿನ್ನ ಜೇಬು ಸೊಟ್ಟಗದಾವಲೇ’ ಎಂದು ಮೇಸ್ತ್ರಿ ಕೂಗಿದರೆ ಉರಿಯುತ್ತಿತ್ತು. ಆ ಉರಿಯನ್ನೇ ಕಟ್ಟಿಕೊಂಡು ಸಂಜೆ ಆರಕ್ಕೆ ಕಾಲೇಜಿಗೆ ಹೋಗುತ್ತಿದ್ದ. ಮುಂದೆ ಚಿತ್ರಭಂಡಾರದ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬ ಜಾಗದಲ್ಲಿ ಚೆಂದದ ಅಕ್ಷರದಲ್ಲಿ ಗೃಹಿಣಿ ಎಂದು ಬರೆದ. ಅದೂ ಒಂದು ಟ್ಯಾಗೇ. ಅದಕ್ಕೆ ಎರಡನೆಯವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಕುರುಗೋಡಿನ ಮನೆಯ ಅಂಗಳದಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ. ಅವ್ವನೂ, ಗಂಡನ ಮನೆಯಿಂದ ಬಂದು ಇಲ್ಲೇ ಉಳಿದ ತಂಗಿ ಸುಧಾರಾಣಿಯೂ ಎದುರುಬದುರು ಕೂತು ತೊಟ್ಟು ಬಿಡಿಸುತ್ತಿದ್ದರು. ಅವ್ವನ ಎಡಗೈಯ ತೋರುಬೆರಳು ಕಾಯಿಗಳ ನಡುವೆ ನೆಟ್ಟಗೆ ಓಡಾಡುತ್ತಿತ್ತು. ಘಾಟಿಗೆ ಹುಲುಗೇಶನಿಗೆ ಸೀನು ಬಂತು.

“ಏನಲೇ ಹುಲುಗ್ಯಾ, ವಾರದ ನಡುವ? ನೌಕರಿ ಬಿಟ್ಟು ಬಂದಿಯೇನು?”

“ಇಲ್ಲವ್ವ. ಇದನ್ನೊಂದು ನೋಡು.” ಅವನು ಫೋನನ್ನು ಅವಳ ಮುಖದ ಮುಂದೆ ಹಿಡಿದ. ಅವಳು ಖಾರದ ಕೈಗಳನ್ನು ದೂರ ಚಾಚಿಕೊಂಡು ಕುತ್ತಿಗೆ ಮಾತ್ರ ಮುಂದೆ ತಂದಳು. ಬಹಳ ಹೊತ್ತು ನೋಡಿದಳು. ಅವನ ಕೈ ಸೋಲತೊಡಗಿತು.

“ಮೋತಿ,” ಎಂದಳು. “ಒದೀತಿತ್ತು ಬಾಡಕೋ.”

ಅವಳೂ ಮೊದಲು ಕುದುರೆಯನ್ನೇ ಗುರುತಿಸಿದ್ದು ನೋಡಿ ಅವನಿಗೆ ಕಿರುಚಬೇಕೆನ್ನಿಸಿತು. “ಕುದ್ರಿ ಇರ್ಲಿ. ಇಲ್ಲಿ ನೋಡು, ಈ ಮೂಲ್ಯಾಗ. ಇದು ನೀನ ಹೌದಿಲ್ಲೋ?”

“ನಾನಲ್ಲ.”

“ಯವ್ವಾ, ಬೆರಳು ನೋಡು,” ಎಂದಳು ಹತ್ತಿರ ಸರಿದು ಬಂದ ಸುಧಾರಾಣಿ. “ಜಗತ್ತಿನಾಗ ಇಂಥ ಬೆರಳು ಇನ್ಯಾರಿಗೈತಿ?”

“ಬೆರಳು ನಂದ ಐತಿ ಬಿಡು.” ಅವ್ವ ಮತ್ತೆ ಕಾಯಿಗೆ ಕೈ ಹಾಕಿದಳು. “ಆದ್ರ ಹೊನ್ನೂರಮ್ಮ ಅಂತ ನಾ ಅಲ್ಲಿಗೆ ಹೋಗಿದ್ದಿಲ್ಲ. ಏ ಬತ್ತಿ, ಮುಂದ ನಡಿ. ಏ ಬತ್ತಿ, ನಿಂದ್ರು. ಏ ಬತ್ತಿ, ಕುದ್ರಿಗೆ ಹತ್ರ ಬರಬ್ಯಾಡ. ಹಿಂಗ ಕರೀತಿದ್ರು. ಊಟದ ಹೊತ್ತಿಗೂ ಹಂಗ, ಬತ್ತಿಯವರಿಗೆ ಹಿತ್ತಲದಾಗ ಹಾಕ್ರಿ ಅಂತ. ಈಗ ಇದರ ಕೆಳಗ ಏನಂತ ಬರದಾರ?”

ಅವನು ಫೋನನ್ನು ಹಿಂದಕ್ಕೆಳೆದುಕೊಂಡ. ಅವಳು ತಲೆಯೆತ್ತಿ ನೋಡಿದಳು.

“ಗ್ಯಾಸ್‌ಬತ್ತಿ ಅಂತ,” ಎಂದ.

“ಯಾರು ಬರದವರು?”

“ನಾನ.”

“ಮತ್ತ? ಸರಿಯಾಗೇ ಬರದೀಯಲ್ಲ.”

ಅವಳು ನಗುತ್ತಿರಲಿಲ್ಲ. ವ್ಯಂಗ್ಯವೂ ಇರಲಿಲ್ಲ. ಬೈಸಿಕೊಂಡು ಹಗುರಾಗಲು ಅವನ ಪಾಲಿಗೆ ಇದ್ದ ಒಂದು ದಾರಿಯನ್ನೂ ಅದು ಮುಚ್ಚಿಬಿಟ್ಟಿತು. ರಾತ್ರಿಗಟ್ಟಲೆ ಶಬ್ದಗಳನ್ನು ತೂಗಿ, ಯಾರಿಗೂ ನೋವಾಗಬಾರದೆಂದು ಆರಿಸಿ ಆರಿಸಿ ಬರೆದ ತನ್ನ ಏಳನೆಯ ನಿಯಮವನ್ನು ಸಿರುಗುಪ್ಪದ ಮೆರವಣಿಗೆಯಲ್ಲಿ ಯಾವನೋ ಬೀಡಿ ಸೇದುತ್ತ ಮೂವತ್ತಾರು ವರ್ಷದ ಹಿಂದೆಯೇ ಕೂಗಿ ಮುಗಿಸಿದ್ದ. ಅವನು ತಡೆಯಲಾರದೆ, ಫೋಟೋ ಸಣ್ಣದಿತ್ತೆಂದ, ಮುಖ ಕಾಣುತ್ತಿರಲಿಲ್ಲವೆಂದ, ದಿನಕ್ಕೆ ನೂರಿಪ್ಪತ್ತು ಫೋಟೋ ನೋಡಬೇಕೆಂದ. ಮಾತಾಡುತ್ತ ಆಡುತ್ತ ದನಿ ಏರಿತು. “ನಿನ್ನ ಸಲುವಾಗಿ ಓಡಿ ಬಂದೀನಿ ನಾನು. ಐದು ಗಂಟಿ ಒಳಗ ಹೆಸರು ಸೇರಬೇಕು. ನೀ ನೋಡಿದ್ರ ನಾನಲ್ಲ ಅಂತಿ.”

“ನನ್ನ ಸಲುವಾಗಿ ಬಂದಿ. ಹೌದು.” ಅವಳು ಒಂದು ತೊಟ್ಟು ಮುರಿದಳು. “ನಿಮ್ಮ ಸಾವ್ಕಾರಗ ಏನಂತ ಹೇಳಿ ಬಂದಿ? ನಮ್ಮವ್ವ ಅಂತ ಹೇಳಿಯೇನು?”

ಸುಧಾರಾಣಿ ಅಣ್ಣನ ಮುಖ ನೋಡಿ, ತಟ್ಟನೆ ಎದ್ದು ನೀರು ತರಲು ಒಳಗೆ ಹೋದಳು. ಅವಳು ಹಾಗೆ ಎದ್ದು ಹೋದದ್ದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದಿತು.

“ನಮ್ಮ ಕಡೆಯಾಕಿ ಅಂದೆ,” ಎಂದ.

“ಹಾಂ,” ಎಂದಳು ಅವ್ವ. ಅಷ್ಟೇ. ಆ ‘ಹಾಂ’ನಲ್ಲಿ ಎಷ್ಟು ಕಾಲದಿಂದ ಅವಳಿಗೆ ಇದೆಲ್ಲ ಗೊತ್ತಿತ್ತೋ ಎಂದು ಅವನಿಗೆ ಭಯವಾಯಿತು. ಅವನ ಮದುವೆಯಲ್ಲಿ ಛತ್ರದ ಬಾಗಿಲಲ್ಲಿ ಅವಳು ಯಾಕೆ ಅಷ್ಟು ಹೊತ್ತು ನಿಂತಿದ್ದಳು, ಗೆಳೆಯರು ಬಂದಾಗ ಯಾಕೆ ಸೆರಗನ್ನು ನೆತ್ತಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎಂದೂ ಬೈದಿರಲಿಲ್ಲ. ಆ ಬೈಯದಿದ್ದುದರ ಮೇಲೂ ಅವನಿಗೆ ಸಿಟ್ಟು ಬಂತು, ಬೈದಿದ್ದರೆ ತಾನು ಎಂದೋ ನೆಟ್ಟಗಾಗುತ್ತಿದ್ದೆನೆಂಬಂತೆ.

“ಹಿಂದ ಇನ್ನೊಂದು ಬತ್ತಿ ಐತಲ್ಲ, ಅದನ್ನ ದೊಡ್ಡದು ಮಾಡು,” ಎಂದಳು ಅವಳು.

ಫೋಟೋದ ಅಂಚಿಗೆ ಇನ್ನೊಂದು ಗ್ಯಾಸ್‌ಬತ್ತಿ ಇತ್ತು. ಅದನ್ನು ಹೊತ್ತವಳ ಒಂದು ಹೆಗಲು, ಒಂದು ತೋಳು, ಕುತ್ತಿಗೆಯ ಒಂದು ಪಕ್ಕ. ಮುಖ ಚೌಕಟ್ಟಿನ ಆಚೆ ಉಳಿದಿತ್ತು.

“ಸುಂಕ್ಲಿ,” ಎಂದಳು ಅವ್ವ. ಈ ಸಲ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ತಾನೇ ಹಿಡಿದುಕೊಂಡಳು. “ನಮ್ಮ ಸುಂಕಲಮ್ಮ. ನೋಡು, ಹೆಗಲ ಮ್ಯಾಲ ರವಿಕಿ ಹೆಂಗ ತೊಯ್ದೈತಿ. ಬೆವರಲ್ಲ ಅದು, ಸೀಮಿಎಣ್ಣಿ. ನನಗ ಕೊಟ್ಟಿದ್ದ ಬತ್ತಿ ಸೋರತಿತ್ತು. ಕಾದಿದ್ದ ಎಣ್ಣಿ ಹನಿಹನಿ ಕುತಿಗಿ ಮ್ಯಾಲ. ನೀ ಹೊಟ್ಟ್ಯಾಗಿದ್ದಿ, ಐದು ತಿಂಗಳು. ಇಳಸ್ತೀನಿ ಅಂದ್ರ, ಮೆರವಣಿಗಿ ಮುಗಿಯೋತನಕ ಇಳಸಂಗಿಲ್ಲ ಅಂದ್ರು. ಆಕಿ ಬಂದು, ಕೊಡು ಇಲ್ಲಿ, ಬಸುರಿ ಹೆಂಗಸು ಅಂತ ತನ್ನ ಬತ್ತಿ ನನಗ ಕೊಟ್ಟು ಅದನ್ನ ತಾ ಹೊತ್ಲು. ಗುಡಿತನಕ. ಕುತಿಗಿ ಒಂದು ಕಡಿ ಸುಟ್ಟು ಚರ್ಮ ಸುಲದಿತ್ತು. ಸಾಯೋತನಕ ಆ ಕಲಿ ಇತ್ತು.”

“ಆಕಿಗೆ ಮಕ್ಕಳು ಮರಿ ಯಾರದಾರ?”

“ಯಾರೂ ಇದ್ದಿಲ್ಲ. ಹೋಗಿ ಎಂಟು ವರ್ಷಾತು.” ಅವಳು ಫೋನನ್ನು ಅವನ ಕೈಗೆ ತುರುಕಿದಳು. ದನಿ ಮೊದಲ ಸಲ ಗಡುಸಾಯಿತು. “ಬರದ್ರ ಇಬ್ಬರದೂ ಬರಿ. ನಾ ಎದ್ದು ಕಾಣ್ತೀನಿ ಅಂತ ನಂದಷ್ಟ ಬರದು ಆಕೀನ ಬತ್ತಿ ಅಂತ ಬಿಡೋದಾದ್ರ, ನಂದೂ ಬ್ಯಾಡ. ಕೇಳ್ತಲ್ಲ?”

ನಿಯಮದ ಪ್ರಕಾರ ದೂರದಲ್ಲಿರುವವರು ದನಿ ರೆಕಾರ್ಡು ಮಾಡಿ ಒಪ್ಪಿಗೆ ಕೊಡಬಹುದಿತ್ತು. ಅವನು ಗುಂಡಿ ಒತ್ತಿ ಫೋನು ಹಿಡಿದ. ಅವ್ವ ಯಾರನ್ನೋ ಗದರಿಸುವವಳಂತೆ ಅದರೊಳಗೆ ಹೇಳಿದಳು: “ಮುಂದಿನ ಬತ್ತಿ ಹೊತ್ತಾಕಿ ನಾನು, ಹೊನ್ನೂರಮ್ಮ, ಕುರುಗೋಡು ದುರುಗಪ್ಪನ ಹೇಂತಿ. ಹಿಂದಿನ ಬತ್ತಿ ಸುಂಕಲಮ್ಮಂದು. ಅಲ್ಲ ಅನ್ನೋರು ಇದ್ರ ನನ್ನ ಮುಂದ ಬಂದು ಅನ್ನಲಿ.”

ಹಿಂತಿರುಗುವ ಬಸ್ಸಿನಲ್ಲಿ ಅವನು ಫೋನು ತೆರೆದು, ಫೋಟೋದ ಹನ್ನೊಂದು ಹೆಸರುಗಳನ್ನೂ ಮನಸ್ಸಿನಲ್ಲೇ ಅಳಿಸಿದ. ಎಲ್ಲರಿಗೂ ಏಳನೆಯ ನಿಯಮ ಹಚ್ಚಿದ. ಉಜ್ಜಿನಪ್ಪನ ಜಾಗದಲ್ಲಿ ಬಾಸಿಂಗ ಬರೆದ. ಅವನ ಅಪ್ಪನಿಗೆ ರುಮಾಲು. ಸೋದರಮಾವನಿಗೆ ಕನ್ನಡಕ. ದೊಡ್ಡಬಸವರಾಜರಿಗೆ ಕೈಗಡಿಯಾರ. ಸಾಲಿನ ಕೊನೆಯಲ್ಲಿ ನಿಂತ ವಕೀಲರ ಕೈಯಲ್ಲಿ ಏನೂ ಇರಲಿಲ್ಲ, ಅವರಿಗೆ ಹೊಟ್ಟೆ ಎಂದು ಬರೆದ. ಭಾನುವಾರ ಜನ ಬೊಟ್ಟು ಮಾಡಿ ಓದುತ್ತಾರೆ: ಬಾಸಿಂಗ, ರುಮಾಲು, ಕನ್ನಡಕ, ಕೈಗಡಿಯಾರ, ಹೊಟ್ಟೆ, ಹೊನ್ನೂರಮ್ಮ, ಸುಂಕಲಮ್ಮ. ಆ ಸುಖ ಬಳ್ಳಾರಿಯ ಹೊರವಲಯದವರೆಗೂ ಬಂತು. ಆಮೇಲೆ, ತಾನು ಎರಡು ವರ್ಷದಲ್ಲಿ ಹೀಗೆ ವಸ್ತುವಾಗಿಸಿದ ಸಾವಿರಾರು ಜನ ಬಸ್ಸಿನ ತುಂಬ ಬುಟ್ಟಿ, ಬಿಂದಿಗೆ, ಛತ್ರಿ ಹಿಡಿದು ನಿಂತು ತನ್ನ ಕಡೆಗೇ ನೋಡುತ್ತಿರುವಂತೆನಿಸಿ ಫೋನು ಜೇಬಿಗಿಟ್ಟ.

ಚಿತ್ರಭಂಡಾರ ತಲುಪಿದಾಗ ನಾಲ್ಕೂ ಇಪ್ಪತ್ತೈದು. ನೇರ ಕೋಣೆಗೆ ಹೋದ. ಕೂಡ್ರಿ ಎನ್ನುವ ಮೊದಲೇ, ನಿಂತುಕೊಂಡೇ ಹೇಳಿದ: “ಸರ್, ಆ ಬತ್ತಿ ಹೊತ್ತಾಕಿ ನಮ್ಮವ್ವರಿ.”

ದೊಡ್ಡಬಸವರಾಜರು ಕನ್ನಡಕ ತೆಗೆದು ಕುರ್ಚಿಯಿಂದ ಎದ್ದೇಬಿಟ್ಟರು. “ಅಯ್ಯ, ಮುಂಜಾನೇನ ಹೇಳಬಾರದೇನ್ರಿ? ಇಷ್ಟ್ಯಾಕ ಓಡಾಡಿದ್ರಿ ಪಾಪ. ನಿಮ್ಮ ತಾಯಿ ಅಂದಮ್ಯಾಲ ಎರಡನೇದವರು ಯಾಕ ಬೇಕು, ನಾನ ಒಪ್ಪತಿದ್ದೆ. ಹಾಕ್ರಿ ಹೆಸರು. ಭಾನುವಾರ ಕರಕೊಂಡು ಬರ್ರಿ ಅವರನ್ನ, ವೇದಿಕಿ ಮ್ಯಾಲ ಕೂಡಸಿ ಒಂದು ಶಾಲು ಹೊದಸೋಣ.”

ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಅದನ್ನು ಕಂಡೇ ಹುಲುಗೇಶನಿಗೆ ಇನ್ನೂ ಸಿಟ್ಟು ಬಂತು. ಬೆಳಿಗ್ಗೆ ಬತ್ತಿ ಹೊತ್ತವಳೊಬ್ಬಳಿಗೆ ಇಲ್ಲದ ಹೆಸರು, ನಾಲ್ಕೂವರೆಗೆ ನೌಕರನೊಬ್ಬನ ತಾಯಿಗೆ ಶಾಲಿನ ಸಮೇತ ಸಿಕ್ಕಿಬಿಟ್ಟಿತ್ತು. “ಇನ್ನೊಬ್ಬಾಕಿ ಅದಾಳ್ರಿ, ಹಿಂದ. ಸುಂಕಲಮ್ಮ ಅಂತ,” ಎಂದ.

“ಆಕಿ ನಿಮಗೇನಾಗಬೇಕು?”

“ನಮ್ಮವ್ವ ಗುರ್ತು ಹಿಡಿದಾಳ್ರಿ.”

“ಒಬ್ಬರಾತು. ಎರಡನೇದವರು?” ಅವರು ಗಡಿಯಾರ ನೋಡಿದರು. “ಆಕಿದು ಮುಖನ ಬಂದಿಲ್ಲಲ್ಲ ಹುಲುಗೇಶ್, ಅರ್ಧಾ ಕಟ್ಟಾಗೇತಿ. ಯಾರು ನೋಡ್ತಾರ? ಇವತ್ತು ಅದೊಂದು ಬಿಟ್ಟುಬಿಡ್ರಿ. ಒಂದು ನಿಯಮ ಅಂತ ಮಾಡಿವಿ, ಅದಕ್ಕೂ ಬೆಲಿ ಇರಬೇಕಲ್ಲ.”

“ಹೌದ್ರಿ,” ಎಂದು ಅವನು ಹೊರಗೆ ಬಂದ. ಹೌದ್ರಿ ಎಂದಿದ್ದ. ಅಷ್ಟು ಸಿಟ್ಟಿನ ನಡುವೆಯೂ ಬಾಯಿಂದ ಬಂದದ್ದು ಅದೇ.

ಐಶ್ವರ್ಯ ಪಟ್ಟಿ ಕಳಿಸಲು ಕಾದು ಕೂತಿದ್ದಳು. ಅವನು ಅವಳ ಪಕ್ಕದ ಕಂಪ್ಯೂಟರಿಗೆ ಕೂತು ಅವ್ವನ ದನಿಯನ್ನು ಎರಡು ಹೆಸರಿಗೂ ಸೇರಿಸಿದ. ಹೊನ್ನೂರಮ್ಮ. ಪೆಟ್ಟಿಗೆ ಕೇಳಿತು, ಈಕೆಗೂ ನಿಮಗೂ ಏನು ಸಂಬಂಧ. ಮಗ ಎಂದು ಬರೆದ. ಎರಡೇ ಅಕ್ಷರಕ್ಕೆ ಬೆರಳು ಬೆವರಿತ್ತು. ಹೆಸರಿನ ಪಕ್ಕ ಹಸಿರು ಗುರುತು ಬಿತ್ತು. ಸುಂಕಲಮ್ಮ. ಪೆಟ್ಟಿಗೆ ಮತ್ತೆ ಕೇಳಿತು. ಅವನು ಆ ಹೆಂಗಸನ್ನು ನೋಡಿದವನಲ್ಲ. ಅವಳ ದನಿ ಗೊತ್ತಿಲ್ಲ, ಮುಖ ಗೊತ್ತಿಲ್ಲ, ಇವತ್ತು ಮಧ್ಯಾಹ್ನದವರೆಗೂ ಹೆಸರೇ ಗೊತ್ತಿರಲಿಲ್ಲ. ಒಂದು ಇಸವಿ ತಪ್ಪಿದ್ದಕ್ಕೆ ಭಾನುವಾರ ಬಂದು ಬೀಗ ತೆಗೆಸಿದವನು ತೊಯ್ದ ರವಿಕೆಯ ಆ ಅರ್ಧ ಹೆಗಲನ್ನು ಕೊನೆಯ ಸಲ ದೊಡ್ಡದು ಮಾಡಿ ನೋಡಿದ. ಆಮೇಲೆ ಪೆಟ್ಟಿಗೆಯಲ್ಲಿ ಅದೇ ಎರಡಕ್ಷರ ಬರೆದು ಒತ್ತಿದ. ಹಸಿರು ಗುರುತು ಬಿತ್ತು.

“ಸರ್,” ಎಂದಳು ಐಶ್ವರ್ಯ, ತನ್ನ ಪರದೆಯತ್ತ ಬಾಗಿ. “ಎರಡೂ ಕಡಿ ಮಗ ಅಂತ ಬಿದ್ದೈತ್ರಿ. ಒಂದು ತಪ್ಪಲ್ಲೇನ್ರಿ?”

“ತಪ್ಪು,” ಎಂದ ಹುಲುಗೇಶ.

“ತಿದ್ದಲೇನ್ರಿ? ಇನ್ನೂ ಟೈಮ್ ಐತಿ.”

“ಮುಟ್ಟಬ್ಯಾಡ. ಕಳಿಸು.”

ಅವಳು ಕಳಿಸಿದಳು. ಅವನು ಆ ಫೋಟೋದಿಂದ ಗ್ಯಾಸ್‌ಬತ್ತಿ ಎಂಬ ಪದವನ್ನು ಅಳಿಸಿದ. ಪರದೆಯ ಬದಿಯಲ್ಲಿ ಆ ಟ್ಯಾಗಿನ ಮುಂದೆ ಸದಾ ಒಂದು ಅಂಕಿ ಇರುತ್ತಿತ್ತು, ಅದು ಎಷ್ಟು ಫೋಟೋಗಳಲ್ಲಿದೆ ಎಂಬುದರ ಅಂಕಿ. ಇನ್ನೂರ ಹದಿನಾಲ್ಕು ಇದ್ದದ್ದು ಇನ್ನೂರ ಹದಿಮೂರಾಯಿತು. ಅದರ ಕೆಳಗೆ ಛತ್ರಿ. ಬಿಂದಿಗೆ. ಬುಟ್ಟಿ. ಹುಲುಗೇಶ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಇನ್ನೂರ ಹದಿಮೂರರಲ್ಲಿ ಮೊದಲನೆಯದನ್ನು ತೆರೆದು, ಅದು ಹಿಗ್ಗುವಷ್ಟು ಹಿಗ್ಗಿಸಿದ.